ಅಪ್ಪನ ದುಡ್ಡು, ಬ್ಯಾಂಕಿನ ಸೀಲು

ಇವತ್ತು ರಾಜಕೀಯ ಬೇಡ. ಅದು ನಾಳೆಯೂ ಇರುತ್ತೆ, ಎಲ್ಲಿಗೂ ಓಡಿ ಹೋಗಲ್ಲ. ಇವತ್ತು ಒಂದು ಹಾಳೆಯ ವಿಷಯ ಮಾತಾಡೋಣ. ಒಂದೇ ಒಂದು ಹಾಳೆ. ಮೇಲೆ ಬ್ಯಾಂಕಿನ ಹೆಸರು, ಕೆಳಗೆ ಮ್ಯಾನೇಜರ್ ಸಹಿ, ಪಕ್ಕದಲ್ಲಿ ಗುಂಡನೆಯದೊಂದು ಸೀಲು. ಈ ಹಾಳೆ ಹೊತ್ತಿಗೆ ಸರಿಯಾಗಿ ಸಿಗದೆ ಒಬ್ಬ ಹುಡುಗಿಯ ಓದು ನಾಲ್ಕು ತಿಂಗಳು ಹಿಂದಕ್ಕೆ ಹೋಯಿತು. ದುಡ್ಡಿರಲಿಲ್ಲ ಅಂತ ಅಲ್ಲ. ದುಡ್ಡಿತ್ತು. ದುಡ್ಡಿದೆ ಅಂತ ಹೇಳೋ ಕಾಗದ ಇರಲಿಲ್ಲ.

ಬೈಂದೂರು ಕಡೆಯ ಮನೆ. ಅಪ್ಪ ಶಾರ್ಜಾದಲ್ಲಿ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಲೆಕ್ಕ ಬರೆಯೋ ಕೆಲಸ, 19 ವರ್ಷದಿಂದ. ಮಗಳು ಅಜ್ಜಿ ಜೊತೆ ಊರಲ್ಲಿದ್ದುಕೊಂಡೇ ಡಿಗ್ರಿ ಮುಗಿಸಿದಳು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ತರಗತಿ ಶುರು. ಅಪ್ಪ ದುಡಿದು ಕಳಿಸಿದ ದುಡ್ಡೆಲ್ಲ ಊರಿನ ಬ್ಯಾಂಕಿನಲ್ಲಿತ್ತು, ಒಂದಿಷ್ಟು ಎಸ್‌ಬಿ ಖಾತೆಯಲ್ಲಿ, ಉಳಿದದ್ದು ಎಫ್‌ಡಿಯಲ್ಲಿ. ಅಪ್ಪ ನನಗೆ ಬರೆದ ಇಮೇಲ್ ಮೂರು ಪುಟ ಇದೆ. ಸಿಟ್ಟಿನ ಒಂದು ಮಾತೂ ಇಲ್ಲ ಅದರಲ್ಲಿ. ತಾರೀಕು, ಯಾರು ಏನಂದರು, ಅಷ್ಟೇ. ಲೆಕ್ಕ ಬರೆಯೋ ಮನುಷ್ಯ ನೋಡಿ.

ಬ್ಯಾಂಕಿನ ಹೆಸರು ನಾನು ಹೇಳಲ್ಲ. ಹೇಳಿದರೆ ಆ ಬ್ಯಾಂಕಿನವರು ಮಾತ್ರ ಬೈಸಿಕೊಳ್ಳುತ್ತಾರೆ, ಉಳಿದವರು ನಮಗಲ್ಲ ಅಂತ ಚಹಾ ಕುಡಿಯುತ್ತಾರೆ. ನಿಮ್ಮೂರಿನ ಬ್ಯಾಂಕು ಅಂತಲೇ ಅಂದುಕೊಳ್ಳಿ.

ಮೊದಲು ಇಂಗ್ಲೆಂಡಿನವರು ಕೇಳೋದೇನು ಅಂತ ತಿಳಕೊಳ್ಳಿ, ಯಾಕಂದ್ರೆ ಇಡೀ ಕಥೆ ಅಲ್ಲಿಂದಲೇ ಶುರು. ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕುವಾಗ ಫೀಸು ಮತ್ತು ಖರ್ಚಿಗೆ ಸಾಕಾಗೋ ಹಣ ಸತತ 28 ದಿನ ಖಾತೆಯಲ್ಲಿ ಇತ್ತು ಅಂತ ತೋರಿಸಬೇಕು. ಒಂದು ದಿನ ಕೂಡ ಕಡಿಮೆ ಆಗಿರಬಾರದು. ಆ 28 ದಿನ ಮುಗಿದ ತಾರೀಕು, ನೀವು ಅರ್ಜಿ ಹಾಕೋ ದಿನಕ್ಕಿಂತ 31 ದಿನದ ಒಳಗೆ ಇರಬೇಕು. ದುಡ್ಡು ಅಪ್ಪನ ಹೆಸರಲ್ಲಿದ್ದರೂ ನಡೆಯುತ್ತೆ. ಆದರೆ ಇವರೇ ಅಪ್ಪ ಅನ್ನೋದಕ್ಕೆ ಜನನ ಪ್ರಮಾಣಪತ್ರ ಬೇಕು, ನನ್ನ ದುಡ್ಡನ್ನ ಮಗಳು ಬಳಸಬಹುದು ಅಂತ ಅಪ್ಪನ ಒಪ್ಪಿಗೆ ಪತ್ರ ಬೇಕು. ಕಠಿಣವೇ ಇರಬಹುದು, ಆದರೆ ಸ್ಪಷ್ಟವಾಗಿದೆ. ಏನು ಬೇಕು ಅಂತ ಮೊದಲೇ ಬರೆದಿಟ್ಟಿದ್ದಾರೆ. ಜರ್ಮನಿಯವರದ್ದು ಇನ್ನೊಂದು ದಾರಿ. ಒಂದು ವರ್ಷದ ಖರ್ಚಿಗೆ 11,904 ಯೂರೋ ತಂದು ನಮ್ಮ ನಿರ್ಬಂಧಿತ ಖಾತೆಯಲ್ಲಿ ಇಡಿ, ತಿಂಗಳಿಗೆ ಇಷ್ಟು ಅಂತ ನಾವೇ ಬಿಡ್ತೀವಿ ಅಂತಾರೆ. ಅಲ್ಲಿ ನಮ್ಮೂರಿನ ಮ್ಯಾನೇಜರ್ ಸೀಲಿನ ಗೋಜೇ ಅಷ್ಟಿಲ್ಲ.

ಸರಿ. ಜುಲೈ ಎರಡನೇ ವಾರ ಮಗಳು ಬ್ಯಾಂಕಿಗೆ ಹೋದಳು. ಕೌಂಟರಿನಲ್ಲಿದ್ದವರು ಕೇಳಿದರು, ಖಾತೆ ಯಾರದ್ದು? ಅಪ್ಪನದ್ದು. ಅಪ್ಪ ಎಲ್ಲಿ? ಶಾರ್ಜಾದಲ್ಲಿ. ಹಾಗಾದ್ರೆ ಅಪ್ಪನೇ ಬರಬೇಕಲ್ಲಮ್ಮ.

ಇಲ್ಲಿ ಒಂದು ನಿಮಿಷ. ಬ್ಯಾಂಕಿನವರು ಹೇಳಿದ್ದು ತಪ್ಪಲ್ಲ. ಇನ್ನೊಬ್ಬರ ಖಾತೆಯ ವಿವರ ಮಗಳಿಗೂ ಕೊಡಬಾರದು, ಹೆಂಡತಿಗೂ ಕೊಡಬಾರದು. ನಾಳೆ ನಿಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ನಿಮ್ಮ ಭಾವಮೈದುನ ಹೋಗಿ ಕೇಳಿದರೆ ಬ್ಯಾಂಕಿನವರು ಹೇಳಿಬಿಟ್ಟರೆ ನೀವು ಸುಮ್ಮನಿರ್ತೀರಾ? ಗುಟ್ಟು ಕಾಪಾಡೋದು ಬ್ಯಾಂಕಿನ ಧರ್ಮ. ನನ್ನ ತಕರಾರು ಅದಲ್ಲ. ಅಪ್ಪ ಬರದೆ ಆಗೋ ದಾರಿ ಯಾವುದು ಅಂತ ಹೇಳಬೇಕಿತ್ತು. ಅದನ್ನ ಯಾರೂ ಹೇಳಲಿಲ್ಲ. ‘ಆಗಲ್ಲ’ ಅನ್ನೋದು ಸುಲಭ. ‘ಹೀಗೆ ಮಾಡಿದ್ರೆ ಆಗುತ್ತೆ’ ಅನ್ನೋದಕ್ಕೆ ನಿಯಮ ಓದಿರಬೇಕು.

ಅಪ್ಪ ಒಂದು ಅಧಿಕಾರ ಪತ್ರ ಬರೆದು ಸಹಿ ಹಾಕಿ ಕೊರಿಯರ್ ಮಾಡಿದರು. ಬಂತು. ಸಹಿ ಹೊಂದಾಣಿಕೆ ಆಗಲ್ಲ ಅಂದರು. ಹೇಗೆ ಆಗುತ್ತೆ? ಖಾತೆ ತೆರೆದಾಗ ಮದುವೆಯಾದ ಹೊಸದರಲ್ಲಿ ಹಾಕಿದ ಸಹಿ ಅದು, ಕನ್ನಡದಲ್ಲಿ, ಪೂರ್ತಿ ಹೆಸರು. 19 ವರ್ಷ ಗಲ್ಫಿನಲ್ಲಿ ದಿನಕ್ಕೆ ನೂರು ಬಿಲ್ಲಿಗೆ ಸಹಿ ಹಾಕಿ ಹಾಕಿ ಅದೀಗ ಎರಡು ಗೀಟು, ಒಂದು ಸೊಟ್ಟ ಆಗಿದೆ. ಕೈ ಅದೇ ಕೈ ಸ್ವಾಮಿ. ಆದರೆ ಕಾರ್ಡಿನಲ್ಲಿರೋದು ಬೇರೆ.

ನೆಟ್ ಬ್ಯಾಂಕಿಂಗ್‌ನಲ್ಲಿ ತೆಗೀಬಹುದಲ್ವಾ ಅಂತ ನೀವು ಕೇಳ್ತೀರಿ. ಅವರೂ ಪ್ರಯತ್ನ ಮಾಡಿದರು. ಓಟಿಪಿ ಹೋಗೋದು ಹಳೆಯ ಭಾರತದ ನಂಬರಿಗೆ. ಆ ಸಿಮ್ಮು ರೀಚಾರ್ಜ್ ಮಾಡದೆ ಬಿಟ್ಟು ಎಷ್ಟೋ ವರ್ಷ ಆಗಿದೆ. ನಮ್ಮಲ್ಲಿ 90 ದಿನ ಬಳಕೆ ಇಲ್ಲದ ನಂಬರನ್ನ ಕಂಪನಿ ಮುಚ್ಚಬಹುದು, ಆಮೇಲೆ ಬೇರೆಯವರಿಗೆ ಕೊಡಬಹುದು. ಇವರ ನಂಬರಿಗೆ ಫೋನ್ ಮಾಡಿದರೆ ಯಾರೋ ಎತ್ತಿ ಹಿಂದಿಯಲ್ಲಿ ಹಲೋ ಅಂದರಂತೆ. ಅಂದ್ರೆ ಇವರ ಬ್ಯಾಂಕಿನ ಓಟಿಪಿ ಇಷ್ಟು ದಿನ ಆ ಪುಣ್ಯಾತ್ಮನಿಗೆ ಹೋಗ್ತಿತ್ತು! ನಂಬರ್ ಬದಲಾಯಿಸಿ ಅಂದ್ರೆ ಶಾಖೆಗೆ ಖುದ್ದಾಗಿ ಬನ್ನಿ. ಶಾಖೆಗೆ ಬರೋಕಾಗಲ್ಲ ಅಂತ ತಾನೇ ನೆಟ್ ಬ್ಯಾಂಕಿಂಗ್ ಬೇಕಾಗಿರೋದು? ಕಿವಿ ಹಿಡಿಯೋಕೆ ತಲೆ ಸುತ್ತ ಕೈ ತಂದ ಹಾಗೆ.

ಇಷ್ಟರ ನಡುವೆ ಒಬ್ಬ ಅಧಿಕಾರಿ ಕಂಪ್ಯೂಟರ್ ನೋಡಿ, ‘ಇದು ಸಾಮಾನ್ಯ ಉಳಿತಾಯ ಖಾತೆಯಲ್ವಾ, ಇವರು ಎನ್‌ಆರ್‌ಐ ಅಲ್ವಾ’ ಅಂದರು. ಅಲ್ಲಿಗೆ ಹೊಸ ಅಧ್ಯಾಯ.

ಇದನ್ನ ಗಲ್ಫಿನಲ್ಲಿರೋ ಕನ್ನಡಿಗರು, ಮಂಗಳೂರು, ಉಡುಪಿ, ಭಟ್ಕಳ, ಕಾರವಾರದ ಕಡೆಯವರು ವಿಶೇಷವಾಗಿ ಕೇಳಿಸಿಕೊಳ್ಳಿ. ಕೆಲಸಕ್ಕೆ ಅಂತ ವಿದೇಶಕ್ಕೆ ಹೋಗಿ ನೆಲೆಸಿದ ಮೇಲೆ ನಿಮ್ಮ ಊರಿನ ಸಾಮಾನ್ಯ ಖಾತೆಯನ್ನ ಹಾಗೇ ಇಟ್ಟುಕೊಳ್ಳೋ ಹಾಗಿಲ್ಲ. 1999ರ ವಿದೇಶಿ ವಿನಿಮಯ ಕಾಯ್ದೆ, ಫೆಮಾ ಅಂತಾರಲ್ಲ, ಅದರ ಪ್ರಕಾರ ಬ್ಯಾಂಕಿಗೆ ತಿಳಿಸಿ ಅದನ್ನ ಎನ್‌ಆರ್‌ಓ ಖಾತೆ ಮಾಡಿಸಬೇಕು. ಅಲ್ಲಿ ದುಡಿದು ಕಳಿಸೋ ದುಡ್ಡಿಗೆ ಎನ್‌ಆರ್‌ಇ ಖಾತೆ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಓ ಬಡ್ಡಿಯಲ್ಲಿ ಬ್ಯಾಂಕೇ 30 ಪರ್ಸೆಂಟ್, ಮೇಲೆ ಸೆಸ್ಸು, ಹಿಡಿದುಕೊಳ್ಳುತ್ತೆ. ಇದು ಗೊತ್ತಿಲ್ಲದೆಯೋ, ಗೊತ್ತಿದ್ದೂ ಯಾಕೆ ಬೇಕು ಅಂತಲೋ ನಮ್ಮ ಜನ ಹಳೇ ಖಾತೆಯನ್ನೇ ಇಟ್ಟುಕೊಂಡಿರ್ತಾರೆ. ಯಾವುದೋ ಒಂದು ಕಾಗದ ಬೇಕಾದ ದಿನವೇ ಅದು ಬೆಳಕಿಗೆ ಬರುತ್ತೆ. ಈ ಅಪ್ಪನೂ ಹಾಗೇ ಮಾಡಿದ್ದರು. ಅವರದೂ ತಪ್ಪಿದೆ, ಅವರೇ ಇಮೇಲಿನಲ್ಲಿ ಬರೆದಿದ್ದಾರೆ. ಆದರೆ ನನ್ನ ಪ್ರಶ್ನೆ ಬೇರೆ. 19 ವರ್ಷ ಶಾರ್ಜಾದಿಂದ ದುಡ್ಡು ಬಂದು ಬೀಳ್ತಾನೇ ಇದ್ದ ಖಾತೆ ಅದು. ಎಫ್‌ಡಿ ಇಡಿ ಅಂತ ಅದೇ ಶಾಖೆಯವರು ಮನೆಗೆ ಫೋನ್ ಮಾಡಿದ್ದಾರೆ, ಕ್ಯಾಲೆಂಡರ್ ಕೊಟ್ಟಿದ್ದಾರೆ. ಆಗ ಯಾರಿಗೂ ಫೆಮಾ ನೆನಪಾಗಲಿಲ್ಲವಾ?

ಎನ್‌ಆರ್‌ಓ ಆದ ಮೇಲೆಯೇ ಪತ್ರ ಅಂದರು. ಅದಕ್ಕೆ ಪಾಸ್‌ಪೋರ್ಟು, ವೀಸಾ, ಅಲ್ಲಿನ ವಿಳಾಸದ ದಾಖಲೆ, ಎಲ್ಲದರ ದೃಢೀಕೃತ ಪ್ರತಿ ಬೇಕು. ಯಾರು ದೃಢೀಕರಿಸಬೇಕು? ಶಾಖೆಯಲ್ಲಿ ‘ನಮ್ಮ ಬ್ಯಾಂಕಿನ ಅಧಿಕಾರಿಯೇ ಮೂಲ ನೋಡಬೇಕು’ ಅಂದರಂತೆ. ಇದು ತಪ್ಪು. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಇದೆ: ವಿದೇಶದಲ್ಲಿರೋ ಗ್ರಾಹಕರ ದಾಖಲೆಯನ್ನ ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್, ಅಲ್ಲಿನ ನೋಟರಿ, ನ್ಯಾಯಾಧೀಶರು, ಭಾರತೀಯ ಬ್ಯಾಂಕುಗಳ ವಿದೇಶಿ ಶಾಖೆಯ ಅಧಿಕಾರಿಗಳು, ನಮ್ಮ ಬ್ಯಾಂಕುಗಳ ಜೊತೆ ವ್ಯವಹಾರ ಇಟ್ಟುಕೊಂಡ ಅಲ್ಲಿನ ಬ್ಯಾಂಕು, ಇವರಲ್ಲಿ ಯಾರು ಬೇಕಾದರೂ ದೃಢೀಕರಿಸಬಹುದು. ಮಗಳು ಇದನ್ನ ಪ್ರಿಂಟ್ ತೆಗೆದುಕೊಂಡು ಹೋಗಿ ತೋರಿಸಿದಳು. 22 ವರ್ಷದ ಹುಡುಗಿ ಬ್ಯಾಂಕಿನವರಿಗೆ ರಿಸರ್ವ್ ಬ್ಯಾಂಕಿನ ನಿಯಮ ಓದಿ ಹೇಳಬೇಕಾಯಿತು. ಅಪ್ಪ ಒಂದು ದಿನ ರಜೆ ಹಾಕಿ ದುಬೈಗೆ ಹೋಗಿ ದೃಢೀಕರಣ ಮಾಡಿಸಿದರು. ಮತ್ತೆ ಕೊರಿಯರ್. ಖಾತೆ ಎನ್‌ಆರ್‌ಓ ಆಗುವಷ್ಟರಲ್ಲಿ ಆಗಸ್ಟ್ ಕೊನೆ.

ಕೊನೆಗೂ ಪತ್ರ ಬಂತು. ಮೊದಲನೇ ಪತ್ರ. ಏನಿತ್ತು ಅದರಲ್ಲಿ? ‘ದಿನಾಂಕ ಇಂತಿಷ್ಟಕ್ಕೆ ಈ ಖಾತೆಯಲ್ಲಿ ಇಷ್ಟು ಹಣವಿದೆ.’ ಒಂದು ದಿನದ ಲೆಕ್ಕ. ಅವರು ಕೇಳಿದ್ದು 28 ದಿನದ್ದು. ಸರಿ, ಸ್ಟೇಟ್‌ಮೆಂಟ್ ಕೊಡಿ ಅಂದಳು. ಪ್ರಿಂಟ್ ಕೊಟ್ಟರು. ಕೊನೇ ಪುಟದ ಅಡಿಯಲ್ಲಿ ಆ ಪ್ರಸಿದ್ಧ ವಾಕ್ಯ: ಇದು ಕಂಪ್ಯೂಟರಿನಿಂದ ತಯಾರಾದ ಪ್ರತಿ, ಇದಕ್ಕೆ ಸಹಿ ಅಗತ್ಯವಿಲ್ಲ.

ಯಾರಿಗೆ ಅಗತ್ಯವಿಲ್ಲ? ನಿಮಗೆ ಅಗತ್ಯವಿಲ್ಲ! ಎದುರಿಗೆ ಕೂತಿರೋ ವೀಸಾ ಅಧಿಕಾರಿಗೆ, ಆಸ್ಪತ್ರೆಯವನಿಗೆ, ಮನೆ ಬಾಡಿಗೆ ಕೊಡೋನಿಗೆ, ಅಲ್ಲಿನ ಕೋರ್ಟಿಗೆ ಅಗತ್ಯ ಇದ್ದರೆ? ಆ ಒಂದು ವಾಕ್ಯ ಬರೆದ ಬ್ಯಾಂಕು ಕೈ ತೊಳೆದುಕೊಳ್ಳುತ್ತೆ. ನಿಜ ಹೇಳಬೇಕಂದ್ರೆ ಸಹಿ ಹಾಕಿದ ನಕಲು ಕೊಡೋದು ಬ್ಯಾಂಕುಗಳಿಗೆ ಹೊಸ ವಿದ್ಯೆ ಏನಲ್ಲ. 1891ರಲ್ಲಿ ಬ್ರಿಟಿಷರು ಒಂದು ಕಾನೂನು ಮಾಡಿದರು, ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಆಕ್ಟ್. ಬ್ಯಾಂಕಿನ ಪುಸ್ತಕದಲ್ಲಿರೋ ಬರಹದ ನಕಲನ್ನ ಕೋರ್ಟಿಗೆ ಕೊಡುವಾಗ, ಇದು ನಿಜವಾದ ನಕಲು, ಮಾಮೂಲಿ ವ್ಯವಹಾರದಲ್ಲಿ ಬರೆದದ್ದು, ಪುಸ್ತಕ ನಮ್ಮ ಸುಪರ್ದಿಯಲ್ಲೇ ಇದೆ ಅಂತ ಅಡಿಯಲ್ಲಿ ಬರೆದು ಮ್ಯಾನೇಜರೋ ಮುಖ್ಯ ಅಕೌಂಟೆಂಟೋ ಹೆಸರು, ಹುದ್ದೆ, ತಾರೀಕು ಹಾಕಿ ಸಹಿ ಮಾಡಬೇಕು. ಕಂಪ್ಯೂಟರ್ ಬಂದ ಮೇಲೆ ಪ್ರಿಂಟ್ ಪ್ರತಿಗೂ ಪ್ರಮಾಣಪತ್ರ ಹೇಗಿರಬೇಕು ಅಂತ ಅದಕ್ಕೇ ತಿದ್ದುಪಡಿ ಸೇರಿಸಿದರು. ಅಂದ್ರೆ ಸಾಲ ವಸೂಲಿಗೆ ತಾವೇ ಕೋರ್ಟಿಗೆ ಹೋಗುವಾಗ ಬ್ಯಾಂಕಿನವರು ಸಹಿ, ಸೀಲು, ಪ್ರಮಾಣಪತ್ರ ಎಲ್ಲ ಹಾಕ್ತಾರೆ. ಗ್ರಾಹಕ ಕೇಳಿದಾಗ ಮಾತ್ರ ‘ಸಹಿ ಅಗತ್ಯವಿಲ್ಲ’.

ಎರಡನೇ ಪತ್ರ. ಇದರಲ್ಲಿ 28 ದಿನ ಇತ್ತು, ಸಹಿಯೂ ಇತ್ತು. ಹೆಸರು ತಪ್ಪಿತ್ತು. ತಪ್ಪು ಅಂದ್ರೆ ನಮ್ಮ ಲೆಕ್ಕದಲ್ಲಿ ತಪ್ಪಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಉದ್ದಕ್ಕೆ ಇದೆ. ಬ್ಯಾಂಕಿನಲ್ಲಿ ಒಂದು ಇನಿಷಿಯಲ್, ಒಂದು ಹೆಸರು. ಮಗಳ ಜನನ ಪ್ರಮಾಣಪತ್ರದಲ್ಲಿ ಅದೇ ಹೆಸರಿನ ಸ್ಪೆಲಿಂಗ್ ಮೂರನೇ ಥರ. ಕುಂದಾಪುರದಲ್ಲಿ ಇದು ಒಬ್ಬನೇ ಮನುಷ್ಯ ಅಂತ ಎಲ್ಲರಿಗೂ ಗೊತ್ತು. ಲಂಡನ್ನಿನಲ್ಲಿ ಕೂತು ಅರ್ಜಿ ನೋಡೋನಿಗೆ ಇವರು ಮೂರು ಜನ! ನಮ್ಮ ಹೆಸರಿನ ಪದ್ಧತಿಗೂ ಅವರ ಫಾರಂಗೂ ಯಾವತ್ತೂ ಹೊಂದಿಕೊಂಡಿಲ್ಲ. ಅದು ದೊಡ್ಡ ವಿಷಯ, ಇನ್ನೊಂದು ದಿನ ಮಾತಾಡೋಣ.

ಅದೇ ಪತ್ರದಲ್ಲಿ ಇನ್ನೂ ಒಂದು ತೊಡಕು. ಎಫ್‌ಡಿ ರಸೀದಿ ಮೇಲಿರೋ ಬ್ಯಾಂಕಿನ ಹೆಸರೇ ಈಗ ಇಲ್ಲ.

ನೋಡಿ, ಕರಾವಳಿ ಅಂದ್ರೆ ಬ್ಯಾಂಕುಗಳ ತವರುಮನೆ ಅಂತ ನಾವು ಎದೆ ತಟ್ಟಿಕೊಳ್ತಿದ್ವಿ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, ಅದೇ ವರ್ಷ ಮಂಗಳೂರಲ್ಲಿ ಕೆನರಾ ಬ್ಯಾಂಕು, 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಲ್ಲಿ ವಿಜಯಾ ಬ್ಯಾಂಕು. ಅತ್ತ ಮೈಸೂರು ಸಂಸ್ಥಾನದ್ದು 1913ರ ಮೈಸೂರು ಬ್ಯಾಂಕು. ಈಗ? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಆಯಿತು. ವಿಜಯಾ 2019ರ ಏಪ್ರಿಲ್ 1ಕ್ಕೆ ಬರೋಡಾಕ್ಕೆ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಉಳಿದಿರೋದು ಕೆನರಾ ಒಂದೇ. ವಿಲೀನ ಸರಿಯೋ ತಪ್ಪೋ ಅನ್ನೋ ಚರ್ಚೆ ನಾವು ಆವತ್ತೇ ಮಾಡಿದ್ವಿ, ಗಂಟಲು ಹರಿದುಕೊಂಡಿದ್ವಿ. ಆದರೆ ಸಾವಿರಾರು ಮೈಲಿ ದೂರದಲ್ಲಿ ಕೂತವನ ಪೆಟ್ಟಿಗೆಯಲ್ಲಿರೋ ಪಾಸ್‌ಬುಕ್ಕು, ರಸೀದಿ, ಐಎಫ್‌ಎಸ್‌ಸಿ ಸಂಖ್ಯೆ ಎಲ್ಲ ಒಂದು ಬೆಳಗ್ಗೆ ಹಳೇ ಕಾಗದ ಆಗಿಹೋಗುತ್ತೆ ಅನ್ನೋದನ್ನ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಈ ಕುಟುಂಬದ ಎಫ್‌ಡಿ ಹಳೇ ಹೆಸರಿನದ್ದು, ಪತ್ರ ಹೊಸ ಹೆಸರಿನದ್ದು. ರಸೀದಿಯ ಸಂಖ್ಯೆ ಒಂದು, ಹೊಸ ಕಂಪ್ಯೂಟರಿನಲ್ಲಿ ಇನ್ನೊಂದು. ಎರಡೂ ಒಂದೇ ಅಂತ ಒಂದು ಸಾಲು ಬರೆದುಕೊಡಿ ಅಂತ ಮಗಳು ಕೇಳಿದಳು. ‘ಆ ಥರದ ಫಾರ್ಮ್ಯಾಟ್ ನಮ್ಮಲ್ಲಿ ಇಲ್ಲಮ್ಮ’ ಅಂದರು.

ಸೆಪ್ಟೆಂಬರ್ ಮಧ್ಯದಲ್ಲಿ ಅಪ್ಪ ಸಾಲ ಮಾಡಿ ಟಿಕೆಟ್ ತಗೊಂಡು ಮಂಗಳೂರಿಗೆ ಬಂದಿಳಿದರು. ನೇರ ಬ್ಯಾಂಕಿಗೆ. ಮ್ಯಾನೇಜರ್ ಎದುರು ಕೂತರು. ಪಾಸ್‌ಪೋರ್ಟು ತೋರಿಸಿದರು. ಹೊಸ ಸಹಿ ಕೊಟ್ಟರು, ಹೊಸ ನಂಬರ್ ಕೊಟ್ಟರು, ಇಮೇಲ್ ನೋಂದಾಯಿಸಿದರು. ಪತ್ರ ಟೈಪ್ ಆಯಿತು. ಪೂರ್ತಿ ಹೆಸರು, 28 ದಿನ, ಎಫ್‌ಡಿಯ ಹಳೇ ಸಂಖ್ಯೆ ಹೊಸ ಸಂಖ್ಯೆ ಎಲ್ಲ ಸೇರಿಸಿ. 40 ನಿಮಿಷ. ಅವರು ಗಡಿಯಾರ ನೋಡಿದ್ದಾರೆ, ಬರೆದಿದ್ದಾರೆ: 11.20ಕ್ಕೆ ಒಳಗೆ ಹೋದೆ, 12ಕ್ಕೆ ಹೊರಗೆ ಬಂದೆ. ಜುಲೈಯಿಂದ ಆಗದ ಕೆಲಸ.

ಆದರೆ ವೀಸಾ ಕೈಗೆ ಬರೋಕೆ ಸಾಮಾನ್ಯವಾಗಿ ಮೂರು ವಾರ. ವಿಶ್ವವಿದ್ಯಾಲಯದ ಕೊನೇ ಗಡುವು ಅಷ್ಟರೊಳಗೆ ಮುಗಿಯೋದಿತ್ತು. ಅವರು ಸೀಟನ್ನ ಜನವರಿಗೆ ಮುಂದೂಡಿದರು. ಸಜ್ಜನರು, ರದ್ದು ಮಾಡಲಿಲ್ಲ.

ನಮ್ಮ ಡೆಸ್ಕಿನ ಹುಡುಗ ಒಬ್ಬ ಹೇಳಿದ, ಸಾರ್, ಮೊದಲೇ ನಮಗೆ ಹೇಳಿದ್ರೆ ಕ್ಯಾಮೆರಾ ಕಳಿಸ್ತಿದ್ವಿ, ಅರ್ಧ ಗಂಟೆಯಲ್ಲಿ ಪತ್ರ ಬರ್ತಿತ್ತು ಅಂತ. ಬರ್ತಿತ್ತು, ಅನುಮಾನ ಇಲ್ಲ. ಆಮೇಲೆ ಮುಂದಿನ ಮನೆಯವರ ಮಗಳಿಗೂ ಕ್ಯಾಮೆರಾ ಕಳಿಸಬೇಕು. ಎಷ್ಟು ಕ್ಯಾಮೆರಾ ಇದೆಯಪ್ಪ ನಿನ್ನ ಹತ್ರ?

ಹೊರಗಿರೋರಿಗೆ ಕೆಲವು ಮಾತು ಹೇಳಬೇಕು. ಬ್ಯಾಂಕಿಗೆ ಹೋಗಿ ‘ಒಂದು ಸರ್ಟಿಫಿಕೇಟ್ ಕೊಡಿ’ ಅನ್ನಬೇಡಿ. ಸ್ಟೇಟ್‌ಮೆಂಟ್ ಬೇರೆ, ಬ್ಯಾಲೆನ್ಸ್ ಸರ್ಟಿಫಿಕೇಟ್ ಬೇರೆ, ಬಡ್ಡಿ ಸರ್ಟಿಫಿಕೇಟ್ ಬೇರೆ, ಸಾಲ್ವೆನ್ಸಿ ಸರ್ಟಿಫಿಕೇಟ್ ಪೂರಾ ಬೇರೆ. ಅಮೆರಿಕದಲ್ಲಿರೋರಿಗೆ ಇನ್ನೊಂದು ತಲೆನೋವು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವತ್ತಾದರೂ 10,000 ಡಾಲರ್ ದಾಟಿದ್ದರೆ ಅಲ್ಲಿನ ಸರ್ಕಾರಕ್ಕೆ ವರದಿ ಕೊಡಬೇಕು, ಅದಕ್ಕೆ ಬೇಕಾಗಿರೋದು ವರ್ಷದ ಅತಿ ಹೆಚ್ಚು ಮೊತ್ತ, ಡಿಸೆಂಬರ್ 31ರದ್ದಲ್ಲ. ಹಾಗಾಗಿ ಕೇಳೋರು ಏನು ಕೇಳ್ತಿದ್ದಾರೆ ಅನ್ನೋದನ್ನ ನೀವೇ ಓದಿ, ಪತ್ರದ ಕರಡು ನೀವೇ ಟೈಪ್ ಮಾಡಿ ಬ್ಯಾಂಕಿಗೆ ಕಳಿಸಿ. ಹೆಸರು ಪಾಸ್‌ಪೋರ್ಟಿನಲ್ಲಿರೋ ಹಾಗೆ, ಸಹಿ ಹಾಕಿದವರ ಹೆಸರು ಹುದ್ದೆ, ಶಾಖೆಯ ಫೋನು, ಬ್ಯಾಂಕಿನ ಅಧಿಕೃತ ಇಮೇಲ್ ಇರಲಿ, ಅಲ್ಲಿನವರು ವಿಚಾರಿಸಿದರೆ ಉತ್ತರ ಸಿಗಬೇಕಲ್ಲ. ಫಾರ್ಮ್ಯಾಟ್ ಇಲ್ಲ ಅನ್ನೋ ಮಾತಿಗೆ ಅಲ್ಲೇ ಬಾಗಿಲು ಮುಚ್ಚುತ್ತೆ.

ಊರಿನಲ್ಲಿ ನಂಬಿಕಸ್ಥರಿದ್ದರೆ ಮುಕ್ತಿಯಾರ್‌ನಾಮೆ, ಪವರ್ ಆಫ್ ಅಟಾರ್ನಿ ಮಾಡಿಟ್ಟುಕೊಳ್ಳಿ, ಬೇಕಾದಾಗ ಅಲ್ಲ, ಬೇಡದಾಗ. ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪತ್ರ ಕರ್ನಾಟಕಕ್ಕೆ ಬಂದು ತಲುಪಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನ ಮರೆತು ಬೀರುವಿನಲ್ಲಿ ಇಟ್ಟವರು ಬಹಳ. ಹಾಗೇ, ಯಾರಿಗೆ ಕೊಡ್ತಿದ್ದೀರಿ ಅಂತ ನಾಲ್ಕು ಸಲ ಯೋಚಿಸಿ. ಪತ್ರ ತರೋದಕ್ಕೆ ಕೊಟ್ಟ ಅಧಿಕಾರ ಜಾಗ ಮಾರೋದಕ್ಕೂ ಬಳಕೆಯಾದ ಕಥೆ ನಮ್ಮ ಕ್ರೈಂ ಡೆಸ್ಕಿಗೆ ಬರ್ತಾನೇ ಇರುತ್ತೆ. ಬ್ಯಾಂಕಿನ ಕಾಗದಕ್ಕೆ ಮಾತ್ರ ಅಂತ ಬರೆಸಿ.

ಬ್ಯಾಂಕು ಕೇಳಲೇ ಇಲ್ಲ ಅಂದ್ರೆ ಬರವಣಿಗೆಯಲ್ಲಿ ದೂರು ಕೊಡಿ, 30 ದಿನ ಕಾಯಿರಿ, ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು, ಖರ್ಚಿಲ್ಲ. ಆದರೆ ಲೆಕ್ಕ ಹಾಕಿ. ದೂರಿಗೆ ಕಾಯೋದು 30 ದಿನ, ವೀಸಾಕ್ಕೆ ಪತ್ರದ ಆಯುಷ್ಯ 31 ದಿನ. ಈ ಹುಡುಗಿಯಂಥವರಿಗೆ ಆ ಬಾಗಿಲು ಇದ್ದೂ ಇಲ್ಲದ ಹಾಗೆ. ರಿಸರ್ವ್ ಬ್ಯಾಂಕಿನವರು ಇದೊಂದನ್ನ ಯೋಚಿಸಲಿ. ಗಡುವು ಇರೋ ದಾಖಲೆಗೆ, ಓದು, ಚಿಕಿತ್ಸೆ, ಸಾವಿನ ಕಾಗದಕ್ಕೆ, ಇಷ್ಟು ದಿನದಲ್ಲಿ ಕೊಡಲೇಬೇಕು ಅಂತ ಒಂದು ದಿನ ನಿಗದಿ ಮಾಡಲಿ. ಅದಕ್ಕೆ ಶುಲ್ಕ ಬೇಕಾದರೆ ತಗೊಳ್ಳಲಿ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ದಂಡ ಹಾಕೋಕೆ ಕಂಪ್ಯೂಟರ್ ಯಾರ ಫಾರ್ಮ್ಯಾಟಿಗೂ ಕಾಯಲ್ಲ, ಅಲ್ವಾ?

ಅಂದ ಹಾಗೆ, ಅಪ್ಪ ಸಾಲ ಮಾಡಿ ಬಂದು ತಂದ ಆ ಪತ್ರ ಉಪಯೋಗಕ್ಕೆ ಬರಲಿಲ್ಲ. ಜನವರಿಯ ತರಗತಿಗೆ ಅರ್ಜಿ ಹಾಕೋ ಹೊತ್ತಿಗೆ 31 ದಿನ ಕಳೆದುಹೋಗಿತ್ತು. ಮತ್ತೆ ಹೊಸ ಪತ್ರ ಬೇಕಾಯಿತು. ಈ ಸಲ ಅಪ್ಪ ಶಾರ್ಜಾದಿಂದ ನೋಂದಾಯಿತ ಇಮೇಲಿನಲ್ಲಿ ಕೋರಿಕೆ ಕಳಿಸಿದರು, ಜೊತೆಗೆ ಹಳೇ ಪತ್ರವನ್ನೇ ಮಾದರಿಯಾಗಿ ಇಟ್ಟರು. ಮೂರನೇ ದಿನ ಮಗಳು ಹೋಗಿ ತಗೊಂಡು ಬಂದಳು. ಸಹಿ ಹಾಕಿದವರು ಬೇರೆ ಮ್ಯಾನೇಜರು. ಹಳಬರಿಗೆ ವರ್ಗ ಆಗಿತ್ತಂತೆ.